ಮಾವನ ಹಲ್ಲಿನ ವ್ಯಾಪ್ತಿ

ಟಕ್ ಎಂಬ ಸದ್ದು ಕೇಳಿದರೆ ಸಾಕು, ಕೋರ್ಟಿನ ಅಮೀನ ಎಲ್ಲಿ ಕೂತಿದ್ದರೂ ಎದ್ದು ಹಿಂಬಾಗಿಲ ಕಡೆ ಜಾರುತ್ತಿದ್ದ. ಅದು ಮಾವನವರು ಬರುತ್ತಿದ್ದಾರೆ ಎಂಬ ಸೂಚನೆ. ಕಾಲಿನ ಸದ್ದಲ್ಲ, ಕೋಲಿನ ಸದ್ದೂ ಅಲ್ಲ, ಹಲ್ಲಿನ ಸದ್ದು. ಹೊಸದಾಗಿ ಮಾಡಿಸಿಕೊಂಡ ಹಲ್ಲಿನ ಸೆಟ್ಟು ಅವರು ಮಾತಾಡಿದರೂ ಟಕ್, ಆಕಳಿಸಿದರೂ ಟಕ್, ಸುಮ್ಮನೆ ಹೆಜ್ಜೆ ಎತ್ತಿಟ್ಟರೂ ಟಕ್ ಎನ್ನುತ್ತಿತ್ತು. ಆ ಸೆಟ್ಟಿನಿಂದ ಅಮೀನನಿಗೆ ಆದ ಉಪಕಾರವೆಂದರೆ ಇದೊಂದೇ. ಉಳಿದದ್ದೆಲ್ಲ ಉಪದ್ರವ.

ಮಾವನವರು ನೌಕರಿಯಲ್ಲಿದ್ದಾಗ ದೊಡ್ಡದೊಂದು ರೈಲು ನಿಲ್ದಾಣದಲ್ಲಿ ಕೂತು ಮೈಕಿನಲ್ಲಿ ರೈಲುಗಳ ವಿಚಾರ ಹೇಳುತ್ತಿದ್ದವರು. ಯಾವುದು ಬಂತು, ಯಾವುದು ಹೊರಟಿತು, ಯಾವುದು ತಡ ಎಂದು ಅವರ ಬಾಯಿಂದ ಕೇಳಿದ ಮೇಲೇ ಜನ ಗಂಟುಮೂಟೆ ಎತ್ತುತ್ತಿದ್ದರು. ರೈಲು ಬರದಿದ್ದರೂ ಅವರ ದನಿ ಮಾತ್ರ ವೇಳೆಗೆ ಸರಿಯಾಗಿ ಬರುತ್ತಿತ್ತು. ನಿವೃತ್ತಿಯಾದ ಮೇಲೂ ಅಭ್ಯಾಸ ಬಿಡಲಿಲ್ಲ. "ದಯವಿಟ್ಟು ಗಮನಿಸಿ. ಬಚ್ಚಲುಮನೆ ಇದೀಗ ತೆರವಾಗಿದೆ" ಎಂದು ಮನೆಯೊಳಗೇ ಹೇಳುತ್ತಿದ್ದರು. ಹಲ್ಲು ಉದುರಿದಾಗ ಮಗಳ ಊರಿನ ಮೇಸ್ತ್ರಿ ಚೆನ್ನಾಗಿ ಹಲ್ಲು ಕಟ್ಟುತ್ತಾನೆ ಎಂದು ಯಾರೋ ಹೇಳಿದ್ದನ್ನು ನಂಬಿ ಬಂದರು. ಹಲ್ಲು ಬಂತು, ಜೊತೆಗೆ ಟಕ್ಕೂ ಬಂತು. ಮೊದಲ ಸಲ "ದಯವಿಟ್ಟು" ಎಂದಾಗ "ದ ಟಕ್ ಯವಿ ಟಕ್ ಟು" ಎಂದಾಗಿ, ಪಕ್ಕದ ಮನೆಯವರು ಗೋಡೆ ಆಚೆಯಿಂದ ಗೊಳ್ಳೆಂದು ನಕ್ಕರು. ಆ ಸಿಟ್ಟಿಗೆ ಮೇಸ್ತ್ರಿಯ ಅಂಗಡಿ ಮುಂದೆ ಒಂದು ಸಲ ಕೂಗಾಡಿ ಬಂದ ಮೇಲೆ ಮಾವನವರು ಬಾಯಿಗೆ ಬೀಗ ಹಾಕಿಕೊಂಡರು. ಏನಿದ್ದರೂ ಪಿಸುಗುಟ್ಟುವುದೇ.

ಬಾಯಿಗೆ ಬೀಗ ಬಿದ್ದರೇನು, ಹಟಕ್ಕೆ ಬೀಳಲಿಲ್ಲ. ಹಲ್ಲಿನ ಮೇಸ್ತ್ರಿಯ ಮೇಲೆ ಕೇಸು ಹಾಕಿದರು. ಕೇಸು ಮುಗಿಯುವವರೆಗೆ ಮಗಳ ಮನೆಯಲ್ಲೇ ಇರುತ್ತೇನೆ ಎಂದರು. ಕಿಟಕಿ ಪಕ್ಕದ ಮಂಚ ಅವರದಾಯಿತು. ಬೆತ್ತದ ಕುರ್ಚಿ ಅವರದಾಯಿತು. ಅಮೀನನ ಮೆಚ್ಚಿನ ಗಾಜಿನ ಲೋಟದಲ್ಲಿ ರಾತ್ರಿಯೆಲ್ಲ ಅವರ ಹಲ್ಲು ನೆನೆಯತೊಡಗಿತು. ಒಂದು ದಿನ ನಿದ್ದೆಗಣ್ಣಿನಲ್ಲಿ ಆ ಲೋಟವನ್ನೇ ಎತ್ತಿ ಬಾಯಿಗಿಟ್ಟುಕೊಂಡಾಗ ಅವನಿಗೆ ಏನಾಯಿತು ಎಂಬುದನ್ನು ಹೇಳದಿರುವುದೇ ಒಳ್ಳೆಯದು. ಅಮೀನನ ಹಾಸಿಗೆ ನಡುಮನೆಗೆ ಬಂತು, ಒಣಹಾಕಿದ ಬಟ್ಟೆಗಳ ಕೆಳಗೆ. ಒದ್ದೆ ಅಂಗಿಯ ತೋಳು ಮುಖಕ್ಕೆ ತಾಗಿ ಅವನು ಬೆಚ್ಚಿ ಏಳದ ರಾತ್ರಿಯಿರಲಿಲ್ಲ.

ಕೇಸು ಮುಗಿದರೆ ಮಾವ ಹೊರಡುತ್ತಾರೆ. ಆದರೆ ಕೇಸು ಮುಗಿಯುವುದಿರಲಿ, ಶುರುವೇ ಆಗಿರಲಿಲ್ಲ. ಯಾಕೆಂದರೆ ಮೇಸ್ತ್ರಿಗೆ ಸಮನ್ಸ್ ಮುಟ್ಟಿರಲಿಲ್ಲ. ಸಮನ್ಸ್ ಮುಟ್ಟಿಸಬೇಕಾದ ಅಮೀನ ಯಾರು? ಇವನೇ. ಅಳಿಯನೇ ಮಾವನ ಕೇಸಿನ ಸಮನ್ಸ್ ಒಯ್ಯುವುದು ಸರಿಯೇ ಎಂದು ವಕೀಲರೊಬ್ಬರು ಕೇಳಿದ್ದಕ್ಕೆ ಶಿರಸ್ತೇದಾರರು, "ಈ ಕೋರ್ಟಿಗಿರೋದು ಒಬ್ಬ ಅಮೀನ. ಅವನಿಗೆ ಮಾವ ಇಲ್ಲದ ಹಾಗೆ ಮಾಡೋ ಅಧಿಕಾರ ನಮಗಿಲ್ಲ" ಎಂದಿದ್ದರು.

ತೊಡಕಿದ್ದದ್ದು ಬೇರೆ ಕಡೆ. ಊರಿನ ನಡುವೆ ಕಾಲುವೆ. ಕಾಲುವೆಗೊಂದು ಸೇತುವೆ. ಈಚೆ ದಡಕ್ಕೆ ಒಂದು ಕೋರ್ಟು, ಆಚೆ ದಡಕ್ಕೆ ಇನ್ನೊಂದು. ಸೇತುವೆಯ ನಟ್ಟನಡುವೆ ಹಳದಿ ಗೆರೆ ಎಳೆದಿತ್ತು. ಈಚೆ ಕೋರ್ಟಿನ ಸಮನ್ಸಿಗೆ ಆ ಗೆರೆಯವರೆಗೆ ಮಾತ್ರ ಜೀವ. ಗೆರೆ ದಾಟಿದರೆ ಅದು ಬರೀ ಕಾಗದ. ಮೇಸ್ತ್ರಿಯ ಅಂಗಡಿ ಆಚೆ ದಡದಲ್ಲಿ, ಮನೆ ಈಚೆ ದಡದಲ್ಲಿ. ಕೇಸು ಬಿದ್ದ ದಿನದಿಂದ ಅವನು ಅಂಗಡಿಯಲ್ಲೇ ಮಲಗುತ್ತಿದ್ದ. ರಜಾದಿನ ಸಮನ್ಸ್ ಕೊಡುವಂತಿಲ್ಲ ಎಂಬ ನಿಯಮ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ರಜಾದಿನ ಮಾತ್ರ ಎದೆಯುಬ್ಬಿಸಿ ಸೇತುವೆ ದಾಟಿ ಮನೆಗೆ ಬಂದು, ಎಣ್ಣೆ ಹಚ್ಚಿ ಸ್ನಾನ ಮಾಡಿ, ಎದುರಿಗೆ ಸಿಕ್ಕ ಅಮೀನನಿಗೆ ನಮಸ್ಕಾರವನ್ನೂ ಮಾಡಿ ಹೋಗುತ್ತಿದ್ದ.

ಆ ದಿನ ಬೆಳಿಗ್ಗೆ ಅಮೀನ ಹಲ್ಲು ಕಚ್ಚಿ ನಿರ್ಧಾರ ಮಾಡಿಯೇ ಎದ್ದಿದ್ದ. ಮರುದಿನದಿಂದ ಕೋರ್ಟಿಗೆ ದೀರ್ಘ ರಜೆ. ಏನಾದರೂ ಆಗುವುದಿದ್ದರೆ ಇವತ್ತೇ ಆಗಬೇಕು. ಚಪ್ಪಲಿ ಮೆಟ್ಟಲು ಬಾಗಿಲ ಬಳಿ ಬಂದವನ ಹೆಬ್ಬೆರಳು ಯಾವುದೋ ಗಟ್ಟಿ ವಸ್ತುವಿಗೆ ಎಡವಿತು. ನೋಡಿದರೆ ಮಾವನವರ ದೊಡ್ಡ ಸೂಟ್‌ಕೇಸು.

"ಇದೇನೇ ಇದು, ಮಂಚದ ಕೆಳಗಿದ್ದದ್ದು ಬಾಗಿಲಿಗೆ ಬಂತು? ಇನ್ನೂ ಸಾಮಾನು ತರಿಸ್ಕೊಂಡ್ರಾ?" ಎಂದು ಹೆಂಡತಿಯ ಮೇಲೆ ರೇಗಿದ.

"ರೀ, ಒಂಚೂರು ನಿಂತ್ಕೊಳ್ಳಿ. ಅಪ್ಪ ಏನೋ ಹೇಳ್ಬೇಕಂತೆ ನಿಮ್ಗೆ."

ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬಾಗಿಲಿನತ್ತ ಬರುತ್ತಿತ್ತು. ಅಮೀನ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದ.

"ಸಂಜೆ ಹೇಳ್ಲಿ, ಕೂತು ಕೇಳ್ತೀನಿ. ಇವತ್ತು ಆ ಮೇಸ್ತ್ರಿನ ಕೋರ್ಟಿಗೆ ಎಳ್ಕೊಂಡು ಬರ್ದೆ ನಾನು ಮನೆಗೆ ಕಾಲಿಡಲ್ಲ ಅಂತ ಹೇಳು ನಿಮ್ಮಪ್ಪಂಗೆ."

"ಅದೇ ವಿಷ್ಯಾನೇ ಕಣ್ರೀ," ಎಂದು ಅವಳು ಕೂಗುವಷ್ಟರಲ್ಲಿ ಅವನು ಬೀದಿಯ ತಿರುವಿನಲ್ಲಿದ್ದ.

ಕೋರ್ಟಿನಲ್ಲಿ ಶಿರಸ್ತೇದಾರರು ಕಪಾಟುಗಳಿಗೆ ಬೀಗ ಹಾಕುವ ಸಡಗರದಲ್ಲಿದ್ದರು. ಅಮೀನನನ್ನು ನೋಡಿ ಕನ್ನಡಕದ ಮೇಲಿನಿಂದ ಕಣ್ಣು ಹಾಯಿಸಿದರು.

"ಏನಯ್ಯಾ, ನಿಮ್ಮ ಮಾವನ ಸಮನ್ಸು ಇನ್ನೂ ನಿನ್ನ ಜೇಬಲ್ಲೇ ಇದ್ಯಾ? ಜಡ್ಜ್ ಸಾಹೇಬ್ರು ಸಂಜೆ ರೈಲಿಗೆ ಊರಿಗೆ ಹೊರಟಿದ್ದಾರೆ. ಅಷ್ಟರೊಳಗೆ ಮುಟ್ಟಿಸಿದ್ರೆ ಸರಿ. ಇಲ್ಲಾಂದ್ರೆ ಕೇಸು ವಜಾ."

"ವಜಾ ಆದ್ರೆ ಮಾವ ಊರಿಗೆ ಹೋಗ್ತಾರಲ್ವಾ ಸಾರ್?" ಅಮೀನನ ಮುಖ ಒಂದು ಕ್ಷಣ ಅರಳಿತು.

"ನಿಮ್ಮ ಮಾವನ ಹಟ ನಿನಗೆ ಗೊತ್ತಿಲ್ವಾ? ಇಲ್ಲಿ ವಜಾ ಆದ್ರೆ ಆಚೆ ದಡದ ಕೋರ್ಟಲ್ಲಿ ಹೊಸದಾಗಿ ಹಾಕ್ತಾರೆ."

"ಅಲ್ಲಿ ಬೇಗ ಮುಗಿಯುತ್ತಾ?"

"ಅಲ್ಲಿ ಒಬ್ಬ ಅಜ್ಜಿ ಹಾಕಿದ ಕೇಸನ್ನ ಈಗ ಅವಳ ಮೊಮ್ಮಗಳು ನಡೆಸ್ತಿದ್ದಾಳೆ. ಆ ಮೊಮ್ಮಗಳೂ ಈಗ ಅಜ್ಜಿ ಆಗಿದ್ದಾಳೆ."

ಅಮೀನನ ಕಣ್ಣ ಮುಂದೆ ಒದ್ದೆ ಅಂಗಿಯ ತೋಳು ತೂಗಾಡಿತು. ಜೇಬು ಮುಟ್ಟಿ ನೋಡಿಕೊಂಡು ನೇರ ಸೇತುವೆಯ ದಾರಿ ಹಿಡಿದ.

ಅವನು ಹೂಡಿದ ಉಪಾಯ ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಗಿರಾಕಿಯಂತೆ ಮೇಸ್ತ್ರಿಯ ಅಂಗಡಿಗೆ ಹೋಗುವುದು. ಈಚೆ ದಡದಲ್ಲಿ ಹಾಸಿಗೆ ಹಿಡಿದ ಅತ್ತೆಯೊಬ್ಬಳಿದ್ದಾಳೆ, ಅವಳಿಗೆ ಹಲ್ಲು ಕಟ್ಟಬೇಕು, ಅಳತೆಗೆ ಬನ್ನಿ ಎಂದು ಕರೆದು ತರುವುದು. ಗೆರೆ ದಾಟಿದ ಕೂಡಲೇ ಕೈಗೆ ಸಮನ್ಸು. ಯಾರೂ ಗುರುತು ಹಿಡಿಯಬಾರದೆಂದು ತಲೆಗೆ ಟವೆಲು ಸುತ್ತಿಕೊಂಡ. ಅಮೀನನ ಮುಖ ಇಡೀ ಊರಿಗೇ ಗೊತ್ತು. ಟವೆಲು ಸುತ್ತಿದ ಮೇಲೆ ಟವೆಲು ಸುತ್ತಿದ ಅಮೀನನ ಮುಖವಾಯಿತು, ಅಷ್ಟೇ.

ಮೇಸ್ತ್ರಿ ಅಂಗಡಿಯಲ್ಲಿ ಕಪಾಟಿನ ತುಂಬ ಹಲ್ಲಿನ ಸೆಟ್ಟುಗಳು ಸಾಲಾಗಿ ನಗುತ್ತಿದ್ದವು. ಮೇಸ್ತ್ರಿ ಅತ್ತೆಯ ಕಥೆಯನ್ನು ತಲೆದೂಗಿ ಕೇಳಿದ. ಕನಿಕರದಿಂದ ಲೊಚಗುಟ್ಟಿದ.

"ಬರ್ತೀನಿ, ಅದಕ್ಕೇನು. ಅತ್ತೆಯವರ ದವಡೆ ನಿಮ್ಮ ದವಡೆ ಥರಾನೇ ಇರುತ್ತಾ?"

"ಹೆಚ್ಚುಕಮ್ಮಿ ಹಾಗೇ," ಎಂದ ಅಮೀನ, ಎಲ್ಲಿಗೆ ಹೋಗುತ್ತಿದೆ ಈ ಮಾತು ಎಂದು ತಿಳಿಯದೆ.

"ಹಾಗಾದ್ರೆ ಮೊದಲು ನಿಮ್ಮದೇ ಒಂದು ಅಚ್ಚು ತೆಗೆದುಬಿಡೋಣ. ಹೋಗಿ ಬರೋದು ತಪ್ಪುತ್ತೆ. ಆ ಅನ್ನಿ."

ಅಮೀನ ಆ ಅಂದ. ಬಾಯಿ ತುಂಬ ತಣ್ಣನೆಯ ಹಿಟ್ಟಿನಂಥದ್ದು ತುಂಬಿತು.

"ಗಟ್ಟಿಯಾಗಿ ಕಚ್ಚಿ. ಕದಲಬಾರದು. ಗಾರೆ ಗಟ್ಟಿಯಾಗೋವರೆಗೂ ಹೀಗೇ ಇರಿ." ಮೇಸ್ತ್ರಿ ಕೈ ಒರೆಸಿಕೊಂಡು ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. "ಈಗ ಹೇಳಿ ಅಮೀನ್ರೇ. ಮಾವ ಚೆನ್ನಾಗಿದ್ದಾರಾ?"

ಅಮೀನನ ಗಂಟಲಿನಿಂದ ಬಂದದ್ದು ಕರು ಕೂಗಿದಂಥ ದನಿ.

"ಅವರ ಹಲ್ಲಿಗೆ ಆಗಿರೋದು ಏನೂ ಇಲ್ಲ. ಒಂದು ಕಡೆ ಒಂಚೂರು ಅರ ಹಾಕಿ ಉಜ್ಜಿದ್ರೆ ಸದ್ದು ನಿಲ್ಲುತ್ತೆ. ಅಂಗಡಿ ಮುಂದೆ ನಿಂತು ಆ ದೊಡ್ಡ ದನಿಯಲ್ಲಿ 'ಪ್ರಯಾಣಿಕರ ಗಮನಕ್ಕೆ, ಈ ಅಂಗಡಿಗೆ ಹೋಗಬೇಡಿ' ಅಂತ ಇಡೀ ಬೀದಿಗೆ ಸಾರಿದ್ರಲ್ಲ, ಅಷ್ಟು ಸದ್ದಿನ ಮಧ್ಯೆನೂ ಬೀದಿಗೆಲ್ಲಾ ಅರ್ಥ ಆಯ್ತು. ಅದಕ್ಕೇ ಉಜ್ಜಲ್ಲ. ನಾನು ಬದುಕಿರೋವರೆಗೂ ಈ ಗೆರೆ ದಾಟಿ ನಿಮ್ಮ ಕೋರ್ಟಿಗೆ ಬರಲ್ಲ. ಹೋಗಿ ಹೇಳಿ."

ಅಮೀನ ಸಿಟ್ಟಿನಿಂದ ಎದ್ದು ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತ. ಅಚ್ಚು ಬಂತು. ಬಹಳ ದಿನದಿಂದ ಅಲ್ಲಾಡುತ್ತಿದ್ದ ಅವನ ಮುಂದಿನ ಹಲ್ಲೂ ಅದರ ಜೊತೆಗೇ ಬಂತು. ಮೇಸ್ತ್ರಿ ಅದನ್ನು ಮೃದುವಾಗಿ ತೆಗೆದು ಒರೆಸಿ ಕಪಾಟಿನಲ್ಲಿಟ್ಟ. "ಇದಕ್ಕೇನೂ ತಗೊಳಲ್ಲ, ಅಮೀನ್ರೇ," ಎಂದ.

ಒಬ್ಬನನ್ನು ಗೆರೆಯ ಈಚೆಗೆ ತರಲು ಹೋದವನು ತನ್ನದೇ ಹಲ್ಲನ್ನು ಆಚೆ ಬಿಟ್ಟು ಸೇತುವೆಯ ಮೇಲೆ ಬಂದು ನಿಂತ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ಚೆಲ್ಲುತ್ತಿದ್ದರು. ಇವನು ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಇನ್ನೂ ಮಧ್ಯಾಹ್ನ ಇದೆ ಎಂದು ಗಟ್ಟಿ ಮನಸ್ಸು ಮಾಡಿದ.

ಮಧ್ಯಾಹ್ನ ಇದೆ ಎಂದರೆ ಊಟ ಇದೆ. ಪ್ರತಿ ಮಧ್ಯಾಹ್ನ ಮೇಸ್ತ್ರಿಯ ಹೆಂಡತಿ ಊಟದ ಕ್ಯಾರಿಯರು ಹಿಡಿದು ಈಚೆಯಿಂದ ಬರುತ್ತಿದ್ದಳು. ಮೇಸ್ತ್ರಿ ಆಚೆಯಿಂದ ಖಾಲಿ ಕ್ಯಾರಿಯರು ಹಿಡಿದು ಬರುತ್ತಿದ್ದ. ಹಳದಿ ಗೆರೆಯ ಎರಡೂ ಬದಿಗೆ ಗಂಡಹೆಂಡಿರು ನಿಂತು ತುಂಬಿದ್ದನ್ನೂ ಖಾಲಿಯದನ್ನೂ ಬದಲಾಯಿಸಿಕೊಂಡು, ಮನೆಯ ಸುದ್ದಿ ಮಾತಾಡಿ ಬೇರೆಯಾಗುತ್ತಿದ್ದರು. ಅಷ್ಟು ದಿನದಲ್ಲಿ ಮೇಸ್ತ್ರಿಯ ಉಗುರೂ ಗೆರೆಯ ಈಚೆ ಬಂದಿರಲಿಲ್ಲ.

ಸೇತುವೆಯ ಮೇಲೆ ಹಣ್ಣಿನ ಗಾಡಿಯವಳು ಒಬ್ಬಳಿದ್ದಳು. ಅವಳ ಪಕ್ಕದಲ್ಲಿ ಕೊಡೆ ರಿಪೇರಿಯವನು. ಅವನು ಅಮೀನನ ಪಕ್ಕದ ಮನೆಯವನೇ, ಗೋಡೆ ಆಚೆಯಿಂದ ನಕ್ಕವರಲ್ಲಿ ಮೊದಲಿಗ. ಅಮೀನ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಅಡಗಿ ಕೂತ.

"ಯಾಕಣ್ಣಾ ಹೀಗೆ ಕೂತಿದ್ದೀರಾ? ಹೊಟ್ಟೆ ನೋವಾ?" ಎಂದಳು ಗಾಡಿಯವಳು, ಎರಡೂ ದಡಕ್ಕೆ ಕೇಳುವಂತೆ.

"ಮೆಲ್ಲಗೆ ಮಾತಾಡಮ್ಮಾ. ಸರ್ಕಾರಿ ಕೆಲಸ."

"ಸರ್ಕಾರಿ ಕೆಲಸಾನ ಕುರ್ಚಿಲಿ ಕೂತು ಮಾಡಲ್ವಾ?"

"ಮೇಸ್ತ್ರಿನ ಹಿಡಿಯೋಕೆ ಕೂತಿದ್ದಾರೆ," ಎಂದು ಕೊಡೆ ರಿಪೇರಿಯವನು ಅವಳಿಗೆ ವಿವರಿಸಿದ. "ಮಾವನ್ನ ಊರಿಗೆ ಕಳಿಸ್ಬೇಕಲ್ಲ. ಪಾಪ, ಒದ್ದೆ ಬಟ್ಟೆ ಕೆಳಗೆ ಮಲಗ್ತಾರೆ. ನಮ್ಮ ಕಿಟಕಿಯಿಂದ ದಿನಾ ನೋಡ್ತೀನಿ."

ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಬಂದಳು. ಬಂದವಳು ಗಾಡಿಯ ಹಿಂದೆ ಕೂತವನನ್ನು ನೋಡಿಯೇ ನೋಡಿದಳು. ನೋಡಿದರೂ ನೋಡದವಳಂತೆ ಹೋಗಿ ಗೆರೆಯಿಂದ ಒಂದು ಹೆಜ್ಜೆ ಹಿಂದೆಯೇ ನಿಂತಳು. ಆಚೆಯಿಂದ ಮೇಸ್ತ್ರಿ ಬಂದು ಗೆರೆಗೆ ಬೆರಳು ತಾಗಿಸದೆ ನಿಂತ.

"ಮುಂದೆ ಬಾರೇ, ಕೈಗೆ ಎಟುಕಲ್ಲ."

"ಇವತ್ತು ನನ್ನ ಕಾಲು ನೋಯ್ತಿದೆ," ಎಂದಳು ಅವಳು. "ದಿನಾ ಈ ಬಿಸಿಲಲ್ಲಿ ನಡ್ಕೊಂಡು ಬರೋಳು ನಾನು. ಮದುವೆ ಆದ ಗಂಡನಿಗೆ ಸೇತುವೆ ಮೇಲೆ ನಿಂತು ಊಟ ಕೊಡೋದು, ಜನ ನೋಡಿ ನಗೋದು. ಬೇಕಾದ್ರೆ ಕೈ ಚಾಚಿ ತಗೊಳ್ಳಿ. ಬೇಡಾಂದ್ರೆ ವಾಪಸ್ ಒಯ್ತೀನಿ."

ಬೆಳಿಗ್ಗೆಯಿಂದ ಏನೂ ತಿಂದಿರದ ಮೇಸ್ತ್ರಿ ಕ್ಯಾರಿಯರನ್ನು ನೋಡಿದ. ಪಾದಗಳನ್ನು ಆಚೆಯೇ ಊರಿ, ಸೊಂಟ ಬಗ್ಗಿಸಿ, ಬಲಗೈಯನ್ನು ಮೊಣಕೈವರೆಗೆ ಗೆರೆಯ ಈಚೆ ಚಾಚಿದ. ಗಾಡಿಯ ಹಿಂದಿನಿಂದ ಅಮೀನ ಕಪ್ಪೆಯ ಹಾಗೆ ನೆಗೆದು ಆ ಅಂಗೈಯಲ್ಲಿ ಸಮನ್ಸು ಇಟ್ಟು, ಬೆರಳುಗಳನ್ನು ತಾನೇ ಮಡಚಿದ.

"ಮುಟ್ತು. ಸಮನ್ಸ್ ಜಾರಿ ಆಯ್ತು."

"ಆಗಿಲ್ಲ," ಮೇಸ್ತ್ರಿ ಹೌಹಾರಿ ಕೈ ಹಿಂದಕ್ಕೆ ಎಳೆದುಕೊಂಡ. "ನಾನು ಆಚೆ ದಡದಲ್ಲಿದ್ದೀನಿ. ನನ್ನ ಕೈ ಮಾತ್ರ ಬಂದಿತ್ತು."

"ಕೈ ಯಾರದು? ನಿಮ್ದೇ ತಾನೇ?"

"ಕೈ ನಂದು. ಆದ್ರೆ ನಾನು ಕೈ ಅಲ್ಲ."

ಸೇತುವೆಯ ಸಂಚಾರ ನಿಂತಿತು. ಸೈಕಲ್ಲಿನವರು ಕಾಲೂರಿ ನಿಂತರು. ಮೊಣಕೈವರೆಗೆ ಈಚೆ ಕೋರ್ಟಿನದು ಎಂದು ಹಣ್ಣಿನ ಗಾಡಿಯವಳು ತೀರ್ಪು ಕೊಟ್ಟಳು. ಊಟ ಹೋಗುವುದು ಹೊಟ್ಟೆಗೆ, ಹೊಟ್ಟೆ ಆಚೆ ಇದೆ, ಆದ್ದರಿಂದ ಮನುಷ್ಯ ಆಚೆಯವನು ಎಂದು ಕೊಡೆ ರಿಪೇರಿಯವನು ವಾದಿಸಿದ. ಹಾಗಾದರೆ ತಲೆ ಎಲ್ಲಿತ್ತು ಎಂದು ಯಾರೋ ಕೇಳಿದರು. ಬಗ್ಗಿದಾಗ ಮೂಗು ಗೆರೆಯ ಮೇಲೇ ಇತ್ತು ಎಂದು ಮತ್ತೊಬ್ಬರು ಸಾಕ್ಷಿ ಹೇಳಿದರು. ಮೇಸ್ತ್ರಿಯ ಹೆಂಡತಿ ಕ್ಯಾರಿಯರು ಹಿಡಿದು ನಿಂತೇ ಇದ್ದಳು. ಅವಳ ಮುಖದಲ್ಲಿ ಮಾತ್ರ ಬಹಳ ದಿನದ ಮೇಲೆ ನೆಮ್ಮದಿ ಕಾಣುತ್ತಿತ್ತು.

"ನಿಮ್ಮ ಸಾಹೇಬ್ರ ಹತ್ರಾನೇ ಕೇಳ್ತೀನಿ," ಮೇಸ್ತ್ರಿ ಗುಡುಗಿದ. "ಕೈಗೆ ಸಮನ್ಸ್ ಕೊಟ್ರೆ ಆಳಿಗೆ ಕೊಟ್ಟ ಹಾಗೆ ಆಗುತ್ತಾ ಅಂತ ಅವ್ರೇ ಹೇಳ್ಲಿ. ನಡೀರಿ." ಎಂದವನೇ ಧಡಧಡ ನಡೆದ. ಸಿಟ್ಟಿನ ಭರದಲ್ಲಿ ಹಳದಿ ಗೆರೆ ಅವನ ಕಣ್ಣಿಗೇ ಬೀಳಲಿಲ್ಲ. ಹಣ್ಣಿನ ಗಾಡಿ, ಕೊಡೆಗಳು, ಕ್ಯಾರಿಯರು, ಎಲ್ಲವೂ ಹಿಂದೆಯೇ ಹೊರಟವು.

ನ್ಯಾಯಾಧೀಶರು ಆಗತಾನೇ ರೈಲಿನ ವೇಳೆ ನೋಡಿಕೊಂಡು ಏಳುವುದರಲ್ಲಿದ್ದರು. ಮೇಸ್ತ್ರಿ ಕೈಯೆತ್ತಿ, ಇದೇ ಆ ಕೈ ಎಂದು ತೋರಿಸಿ, ತನ್ನ ವಾದವನ್ನೆಲ್ಲ ಹೇಳಿದ. ಅವರು ಕೇಳಿ ಮುಗಿಸಿ ನಿಟ್ಟುಸಿರುಬಿಟ್ಟರು.

"ಆಗ ಬಂದದ್ದು ಕೈಯೋ ಕಾಲೋ, ಅದು ಬೇಡ ಈಗ. ಈಗ ನೀವು ಪೂರ್ತಿಯಾಗಿ ಬಂದು ನನ್ನ ಮುಂದೆ ನಿಂತಿದ್ದೀರಲ್ಲ. ಸಮನ್ಸ್ ನಿಮ್ಮ ಕೈಯಲ್ಲೇ ಇದೆಯಲ್ಲ. ಇನ್ನೇನು ಬೇಕು?"

ಮೇಸ್ತ್ರಿ ಕೆಳಗೆ ನೋಡಿಕೊಂಡ. ಕಾಲುಗಳೂ ಬಂದಿದ್ದವು.

"ಇನ್ನೂ ಇದೆ ಅಯ್ಯಾ, ಅಮೀನರ ಹಲ್ಲೊಂದು ಆಚೆ ಉಳಿದಿದೆ," ಎಂದ, ದಾರಿಯಲ್ಲಿ ಮೇಸ್ತ್ರಿಯ ಬಾಯಿಂದ ಆ ವಿಷಯ ಕೇಳಿಕೊಂಡಿದ್ದ ಕೊಡೆ ರಿಪೇರಿಯವನು. "ಅದು ನಮ್ಮ ವ್ಯಾಪ್ತಿಗೆ ಬರಲ್ಲ, ಸುಮ್ನಿರಯ್ಯಾ," ಎಂದು ಶಿರಸ್ತೇದಾರರು ಗದರಿ, ವಾದಿಯನ್ನು ಕರೆಸಲು ಅಮೀನನ ಮನೆಗೆ ಆಳು ಕಳಿಸಿದರು.

ಆಳು ಗೇಟು ದಾಟುವ ಮೊದಲೇ ಮಾವನವರು ಎದುರಿಗೆ ಬಂದರು. ಇಸ್ತ್ರಿ ಮಾಡಿದ ಕೋಟು, ಒಂದು ಕೈಯಲ್ಲಿ ಅದೇ ದೊಡ್ಡ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಏನೋ ಸಣ್ಣ ಚೀಟಿ. ಕಟಕಟೆಯ ಬಳಿ ಸೂಟ್‌ಕೇಸು ಇಟ್ಟು ಕೈಮುಗಿದು, ಹೇಳಲು ಬಾಯಿ ತೆರೆದರು. ಟಕ್ ಎಂದಿತು. ಹಿಂದಿನ ಬೆಂಚಿನಿಂದ ಕಿಸಕ್ಕೆಂದ ನಗು ಕೇಳಿತು. ಮಾವನವರು ಬಾಯಿ ಮುಚ್ಚಿ ತಲೆ ತಗ್ಗಿಸಿದರು. ಅಷ್ಟು ದಿನ ಅವರ ಮೇಲೆ ಸಿಡಿಮಿಡಿಗೊಂಡಿದ್ದ ಅಮೀನನಿಗೇ ಆ ಹೊತ್ತಿಗೆ ಕರುಳು ಚುರುಕ್ಕೆಂದಿತು.

ಈ ನಡುವೆ ಮೇಸ್ತ್ರಿಗೆ ಬುದ್ಧಿ ಮರಳಿತ್ತು.

"ಮಹಾಸ್ವಾಮಿ, ನಾನು ಬಂದದ್ದು ಬಂದೆ. ಆದ್ರೆ ಈ ಕೇಸು ಈ ಕೋರ್ಟಿಗೆ ಹೇಗೆ ಸೇರುತ್ತೆ? ಹಲ್ಲು ಮಾಡಿದ್ದು ಆಚೆ ದಡದಲ್ಲಿ. ಬಾಯಿಗೆ ಕೂರಿಸಿದ್ದೂ ಆಚೆ ದಡದಲ್ಲೇ. ಮಾತುಕತೆ ಆದದ್ದೂ ಅಲ್ಲೇ. ನಿಮಗೆ ಅಧಿಕಾರನೇ ಇಲ್ಲ."

ನ್ಯಾಯಾಧೀಶರ ಮುಖ ಗಂಭೀರವಾಯಿತು. ಅಧಿಕಾರ ಇಲ್ಲ ಎಂದರೆ ಅವರಿಗೆ ತಮಾಷೆಯಲ್ಲ.

"ಇವರು ಹೇಳೋದರಲ್ಲಿ ಹುರುಳಿದೆ. ಒಂದೇ ಒಂದು ದಾರಿ ಇದೆ. ನಷ್ಟ ಆದವರು ಈಚೆ ದಡದ ಶಾಶ್ವತ ನಿವಾಸಿ ಆಗಿದ್ದರೆ ಕೇಸು ಇಲ್ಲೇ ನಡೆಸಬಹುದು. ನೆಂಟರಾಗಿ ಬಂದು ಇದ್ದವರಿಗೆ ಅದು ಅನ್ವಯ ಆಗಲ್ಲ. ವಾದಿಗಳೇ, ನೀವು ಅಳಿಯನ ಮನೆಯಲ್ಲಿ ನೆಂಟರೋ, ನಿವಾಸಿಯೋ?"

ಮಾವನವರು ಚೀಟಿ ಹಿಡಿದ ಕೈಯನ್ನು ಮೇಲೆತ್ತಿ ಏನೋ ಹೇಳಹೊರಟರು. ಅಮೀನನಿಗೆ ಆಚೆ ದಡದ ಅಜ್ಜಿ, ಅವಳ ಮೊಮ್ಮಗಳು ಎಲ್ಲ ಕಣ್ಣ ಮುಂದೆ ಬಂದರು. ಇಲ್ಲಿ ಕೈಬಿಟ್ಟರೆ ಬದುಕಿಡೀ ಒದ್ದೆ ಬಟ್ಟೆಯ ಕೆಳಗೇ. ಅವನು ಒಂದೇ ನೆಗೆತಕ್ಕೆ ಕಟಕಟೆ ಹತ್ತಿದ.

"ಮಹಾಸ್ವಾಮಿ, ನಾನು ಹೇಳ್ತೀನಿ. ನೆಂಟರಲ್ಲ. ಶಾಶ್ವತವಾಗಿ ನಮ್ಮನೇಲೇ ಇರೋರು."

"ಪ್ರಮಾಣ ಮಾಡಿ ಹೇಳ್ತೀಯಾ?"

"ಪ್ರಮಾಣ ಮಾಡ್ತೀನಿ. ನನ್ನ ಮಂಚ ಅವರದು. ನನ್ನ ಕುರ್ಚಿ ಅವರದು. ನನ್ನ ಲೋಟಾನೂ ಅವರದೇ."

"ನಿಜ ಸ್ವಾಮಿ," ಎಂದು ಕೊಡೆ ರಿಪೇರಿಯವನು ಎದ್ದು ನಿಂತ. "ಕಿಟಕಿಯಿಂದ ಕಣ್ಣಾರೆ ನೋಡಿದ್ದೀನಿ."

"ಮತ್ತೆ ಈ ಸೂಟ್‌ಕೇಸು ಯಾಕೆ?" ಎಂದು ಮೇಸ್ತ್ರಿ ಕೊಕ್ಕೆ ಹಾಕಿದ. "ಇವರು ಊರಿಗೆ ಹೊರಟ ಹಾಗಿದೆ."

"ಹೊರಟಿಲ್ಲ ಸ್ವಾಮಿ," ಅಮೀನ ಸೂಟ್‌ಕೇಸಿನ ಮೇಲೆ ಕೈಯಿಟ್ಟು ಎದೆ ತಟ್ಟಿ ಹೇಳಿದ. "ಇದ್ದಬದ್ದ ಸಾಮಾನೆಲ್ಲ ಊರಿಂದ ತಂದು ನಮ್ಮನೇಲಿ ನೆಲೆ ನಿಂತಿದ್ದಾರೆ ಅನ್ನೋದಕ್ಕೆ ಇದೇ ಸಾಕ್ಷಿ. ಇವತ್ತು ಬೆಳಿಗ್ಗೆ ನಾನೇ ಎಡವಿದ್ದೀನಿ. ಬೇಕಾದ್ರೆ ಹೆಬ್ಬೆರಳು ನೋಡಿ. ಅವರು ನನಗೆ ಮಾವ ಅಲ್ಲ, ತಂದೆ ಇದ್ದ ಹಾಗೆ. ನನ್ನ ಉಸಿರಿರೋವರೆಗೂ ನಮ್ಮ ಮನೇನೇ ಅವರ ಮನೆ."

ಮಾವನವರ ಕಣ್ಣು ತುಂಬಿ ಬಂತು. ಕೈಯಲ್ಲಿದ್ದ ಚೀಟಿಯನ್ನು ಒಮ್ಮೆ ನೋಡಿದರು, ಚೂರುಚೂರು ಹರಿದು ಮೂಲೆಯ ಕಸದ ಬುಟ್ಟಿಗೆ ಹಾಕಿದರು.

"ಯೋಚಿಸಿ ಹೇಳಿದ್ದೀಯಾ ತಾನೇ?" ನ್ಯಾಯಾಧೀಶರು ಪೆನ್ನು ಎತ್ತಿಕೊಂಡರು. "ಈ ಕೋರ್ಟಿನ ಅಧಿಕಾರ ಪೂರ್ತಿ ನಿನ್ನ ಈ ಮಾತಿನ ಮೇಲೆ ನಿಂತಿದೆ. ಇವರು ನಿನ್ನ ಮನೆ ಬಿಟ್ಟು ಬೇರೆ ಕಡೆ ನೆಲೆಸಿದ ದಿನ ಈ ಆದೇಶ ಬಿದ್ದುಹೋಗುತ್ತೆ, ನಿನ್ನ ಪ್ರಮಾಣ ಸುಳ್ಳಾಗುತ್ತೆ. ಕೋರ್ಟಿನ ಅಮೀನನೇ ಸುಳ್ಳು ಪ್ರಮಾಣ ಮಾಡಿದ ಅಂದರೆ ಅವನ ಕೆಲಸ ಅವತ್ತೇ ಮುಗೀತು. ತಿಳೀತಾ?"

"ತಿಳೀತು ಸ್ವಾಮಿ," ಎಂದ ಅಮೀನ. ಅವನಿಗೆ ತಿಳಿದದ್ದು ಕೇಸು ನಡೆಯುತ್ತದೆ ಎಂಬುದೊಂದೇ. ಮಿಕ್ಕದ್ದು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಗೆ ಹೋಗಿತ್ತು.

ಅಧಿಕಾರ ಇದೆ ಎಂದಾದ ಮೇಲೆ ಮೇಸ್ತ್ರಿಯ ಜಂಬ ಇಳಿಯಿತು. ಹಿಂದಿನ ಬೆಂಚಿನಿಂದ ಅವನ ಹೆಂಡತಿ, "ಆ ಹಿರಿಯರ ಹಲ್ಲು ಸರಿಮಾಡಿಕೊಟ್ಟು ಮನೆಗೆ ಬರ್ತೀರಾ, ಇಲ್ಲಾ ನಾನು ಈ ಕ್ಯಾರಿಯರನ್ನ ಕಾಲುವೆಗೆ ಎಸೀಲಾ?" ಎಂದು ತಣ್ಣಗೆ ಕೇಳಿದಳು. ಮೇಸ್ತ್ರಿ ಜೇಬಿನಿಂದ ಸಣ್ಣ ಅರ ತೆಗೆದ. ಮಾವನವರ ಸೆಟ್ಟನ್ನು ಕರವಸ್ತ್ರದಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಒಂದು ಕಡೆ ನಾಲ್ಕಾರು ಸಲ ಉಜ್ಜಿ ಕೊಟ್ಟ. ಅಷ್ಟೇ. ಇಷ್ಟು ದಿನದ ರಾದ್ಧಾಂತಕ್ಕೆ ಬೇಕಾಗಿದ್ದದ್ದು ಅಷ್ಟೇ.

ಮಾವನವರು ಸೆಟ್ಟು ಹಾಕಿಕೊಂಡು ಬಾಯಿ ಆಡಿಸಿ ನೋಡಿದರು. ಸದ್ದಿಲ್ಲ. ಹೆದರುತ್ತಲೇ ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಗಮನಿಸಿ," ಎಂದರು. ಗಂಟೆ ಬಾರಿಸಿದಂಥ ದನಿ. ಕೋರ್ಟಿನ ಕಿಟಕಿಯ ಗಾಜು ಸಣ್ಣಗೆ ನಡುಗಿತು. ನ್ಯಾಯಾಧೀಶರು ಅಭ್ಯಾಸಬಲದಿಂದ ತಮ್ಮ ಚೀಲ ಎತ್ತಿಕೊಂಡು ಎದ್ದೇಬಿಟ್ಟರು. ಆಮೇಲೆ ನಾಚಿ ಕೂತು ಆದೇಶ ಬರೆಸಿದರು: ಇನ್ನು ಮುಂದೆ ಮೇಸ್ತ್ರಿಯು ಆಗಾಗ ವಾದಿಯ ಶಾಶ್ವತ ನಿವಾಸವಾದ ಅಮೀನನ ಮನೆಗೇ ಹೋಗಿ, ವಾದಿಯ ಜೀವಮಾನ ಪೂರ್ತಿ, ಹಲ್ಲನ್ನು ಪುಕ್ಕಟೆ ನೋಡಿಕೊಳ್ಳತಕ್ಕದ್ದು.

ಹೊರಗೆ ಬಂದ ಅಮೀನನಿಗೆ ನೆಲ ಕಾಲಿಗೆ ತಾಗುತ್ತಿರಲಿಲ್ಲ. ತಾನೇ ಸೂಟ್‌ಕೇಸು ಎತ್ತಿಕೊಂಡ.

"ಮಾವ, ಗೆದ್ವಿ. ಸಂಜೆ ರೈಲು ಇದೆಯಲ್ಲ, ನಾನೇ ನಿಲ್ದಾಣಕ್ಕೆ ಬಿಡ್ತೀನಿ, ನಡೀರಿ."

"ಎಲ್ಲಿಗೆ ಬಿಡ್ತೀಯಾ?" ಹಿಂದಿನಿಂದ ಶಿರಸ್ತೇದಾರರ ದನಿ. "ಶಾಶ್ವತ ನಿವಾಸಿ ಅಂತ ಪ್ರಮಾಣ ಮಾಡಿ ಇನ್ನೂ ಶಾಯಿ ಒಣಗಿಲ್ಲ. ಅವರು ಇಲ್ಲಿಂದ ನೆಲೆ ಕಿತ್ತ ದಿನ ಅಮೀನನ ಕೆಲಸಕ್ಕೆ ಬೇರೆಯವರನ್ನ ಹುಡುಕ್ತೀನಿ ನಾನು."

ಅಮೀನ ಸೂಟ್‌ಕೇಸು ಹಿಡಿದ ಹಾಗೇ ನಿಂತ. ಮಾವನವರು ಅವನ ಹೆಗಲ ಮೇಲೆ ಕೈಯಿಟ್ಟರು. ಈಗ ಅವರ ಮಾತು ಎಲ್ಲೂ ತಡೆಯುತ್ತಿರಲಿಲ್ಲ.

"ಅಳಿಯಂದಿರೇ, ನಿಮಗೆ ಹೇಗೆ ಹೇಳಲಿ. ನಿಮಗೆ ತುಂಬ ತೊಂದರೆ ಕೊಡ್ತಿದ್ದೀನಿ ಅಂತ ನಿನ್ನೇನೇ ಮನಸ್ಸು ಮಾಡಿದ್ದೆ. ಕೇಸು ವಾಪಸ್ ತಗೊಂಡು ಸಂಜೆ ರೈಲಿಗೆ ಊರಿಗೆ ಹೋಗಿಬಿಡೋಣ, ಇನ್ನು ಯಾವ ಕೋರ್ಟೂ ಬೇಡ ಅಂತ. ಬೆಳಿಗ್ಗೆ ಅದನ್ನೇ ಹೇಳೋಕೆ ಬಂದೆ, ನೀವು ಅವಸರದಲ್ಲಿ ಹೊರಟುಬಿಟ್ರಿ. ಕೋರ್ಟಲ್ಲಾದ್ರೂ ಹೇಳೋಣ ಅಂತ ಸೂಟ್‌ಕೇಸು, ಟಿಕೆಟ್ಟು ಸಮೇತ ಬಂದೆ. ಅಷ್ಟರಲ್ಲಿ ನೀವು ಆ ಮಾತು ಆಡಿದ್ರಿ. ಹೆತ್ತ ಮಗ ಕೂಡ ಹೀಗೆ ಹೇಳೋನಲ್ಲ. ಆ ಟಿಕೆಟ್ಟನ್ನ ಅಲ್ಲೇ ಹರಿದು ಹಾಕಿದೆ."

ಅಮೀನ ಬಾಯಿ ತೆರೆದ. ಹಲ್ಲು ಬಿದ್ದ ಸಂದಿಯಿಂದ ಗಾಳಿ ಮಾತ್ರ ಬಂತು.

ಸಂಜೆ ನಡುಮನೆಯ ನೆಲದ ಮೇಲೆ, ಒಣಹಾಕಿದ ಬಟ್ಟೆಗಳ ಕೆಳಗೆ ಅವನು ಮಂಕಾಗಿ ಕೂತಿದ್ದ. ಹೆಂಡತಿ ಕಣ್ಣೊರೆಸಿಕೊಳ್ಳುತ್ತ, "ನೀವು ಇಷ್ಟು ಒಳ್ಳೆಯವರು ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣ್ರೀ," ಎಂದು ಕಾಫಿ ತಂದಿಟ್ಟಳು. ಒಬ್ಬನೇ ಒಂದು ಗಳಿಗೆ ಹಿತ್ತಲಿಗಾದರೂ ಹೋಗಿ ಕೂರೋಣ ಎಂದು ಅಮೀನ ಕಿವಿಗೊಟ್ಟು ಕೇಳಿದ. ಮಾವ ಎಲ್ಲಿದ್ದಾರೆಂದು ತಿಳಿಯಲಿಲ್ಲ. ಈಗ ಟಕ್ ಎಂಬ ಸದ್ದೇ ಇಲ್ಲವಲ್ಲ. ಎದ್ದು ಮೆಲ್ಲಗೆ ತಿರುಗಿದರೆ ಅವರು ಅವನ ಬೆನ್ನ ಹಿಂದೆಯೇ ನಿಂತಿದ್ದರು. ಕೋಟಿನ ಗುಂಡಿ ಹಾಕಿಕೊಂಡು, ಎದೆ ತುಂಬ ಉಸಿರೆಳೆದುಕೊಂಡು, ಪಕ್ಕದ ಮನೆಗೂ ಅದರ ಪಕ್ಕದ ಮನೆಗೂ ಕೇಳುವಂತೆ ಸಾರಿದರು:

"ದಯವಿಟ್ಟು ಗಮನಿಸಿ. ಇಂದು ಸಂಜೆ ಹೊರಡಬೇಕಾಗಿದ್ದ ಮಾವನವರು, ಅಳಿಯಂದಿರ ಪ್ರೀತಿಯ ಕಾರಣದಿಂದ, ಎಂದಿಗೂ ಹೊರಡುವುದಿಲ್ಲ. ಅಡಚಣೆಗಾಗಿ ವಿಷಾದಿಸುತ್ತೇವೆ."